ಖಾತೆ ಬಾಡಿಗೆಗೆ ಕೊಡಬೇಡಿ

ಥಾಯ್ಲೆಂಡ್ ಗಡಿಗೆ ಅಂಟಿಕೊಂಡ, ಮ್ಯಾನ್ಮಾರಿನ ಮ್ಯಾವಾಡಿಯಲ್ಲಿರುವ ಆನ್‌ಲೈನ್ ವಂಚನೆಯ ಅಡ್ಡೆಗಳಿಗೂ ನಮಗೂ ಏನು ಸಂಬಂಧ, ಸರ್ಕಾರಗಳು ನೋಡಿಕೊಳ್ಳಲಿ ಎನ್ನುವವರಿದ್ದಾರೆ. ಸಂಬಂಧ ಇದೆ. ಡೇಟಾ ಎಂಟ್ರಿ ಕೆಲಸವೆಂದು ಥಾಯ್ಲೆಂಡಿಗೆ ಕರೆಸಿ, ಪಾಸ್‌ಪೋರ್ಟ್ ಕಸಿದು, ಗಡಿ ದಾಟಿಸಿ ಆ ಅಡ್ಡೆಗಳಲ್ಲಿ ಕೂಡಿಹಾಕಿದವರಲ್ಲಿ ಭಾರತೀಯರೂ ಇದ್ದರು. ಮ್ಯಾನ್ಮಾರ್ ಒಂದರಲ್ಲೇ ಕನಿಷ್ಠ 1,20,000 ಮಂದಿ ಹೀಗೆ ಸಿಲುಕಿರಬಹುದೆಂದು ವಿಶ್ವಸಂಸ್ಥೆ 2023ರಲ್ಲಿ ಹೇಳಿತು. ಪೊಲೀಸರ ಸೋಗಿನಲ್ಲಿ ಫೋನ್ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಗದರಿಸುವವನೂ ಅಲ್ಲಿ ಬಲವಂತಕ್ಕೆ ದುಡಿಯುವ ಒತ್ತೆಯಾಳಾಗಿರಬಹುದು. ಆದರೆ ದೋಚಿದ ದುಡ್ಡು ಮೊದಲು ಬಂದು ಬೀಳುವುದು ಇಲ್ಲಿನ ಖಾತೆಗಳಿಗೆ: ಕಮಿಷನ್ ಆಸೆಗೆ ಯಾರೋ ಕೊಟ್ಟ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್. ಬರೀ ಖಾತೆ ಕೊಟ್ಟೆನಷ್ಟೇ ಎಂಬ ಸಮಜಾಯಿಷಿ ಪೊಲೀಸರ ಮುಂದೆ ನಿಲ್ಲುವುದಿಲ್ಲ. ದಯವಿಟ್ಟು ಖಾತೆಯನ್ನು ಯಾರಿಗೂ ಕೊಡಬೇಡಿ. ಹಣ ಹೋಯಿತೆಂದು ಗೊತ್ತಾದ ಕೂಡಲೇ, ನಾಚಿಕೆ ಬದಿಗಿಟ್ಟು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.