ತುಟ್ಟಿಯ ಅಂಕಿ ಓದುವಾಗ

ತಮ್ಮಾ, ಏಷ್ಯಾದ ದೇಶಗಳ ಹಣದುಬ್ಬರದ ಪಟ್ಟಿ ಮೊಬೈಲಿಗೆ ಬಂದ ಕೂಡಲೇ ‘ನಾವೇ ಮೇಲು’, ‘ನಾವು ಕೆಟ್ಟೆವು’ ಎಂದು ತೀರ್ಪು ಕೊಡಬೇಡ. ಆ ಅಂಕಿ ಏನನ್ನು ಅಳೆಯುತ್ತದೆ, ಮೊದಲು ತಿಳಿದುಕೋ.

ಕಾಗವಾಡದವರು ಮಿರಜಕ್ಕೆ, ನಿಪ್ಪಾಣಿಯವರು ಕಾಗಲಕ್ಕೆ ಹೋದಾಗ ನೋಡುವುದು ದರ. ರಾಜ್ಯಗಳ ತೆರಿಗೆ ಬೇರೆಯಾದ್ದರಿಂದ ಗಡಿ ದಾಟಿದರೆ ಪೆಟ್ರೋಲ್ ದರವೂ ಬೇರೆ. ಹಣದುಬ್ಬರ ಹೇಳುವುದು, ಹೋದ ವರ್ಷದ ಇದೇ ತಿಂಗಳಿಗಿಂತ ದರ ಎಷ್ಟು ಏರಿತು ಎಂಬುದನ್ನು. ಕೊಲಂಬೊದಲ್ಲಿ 2022ರ ಸೆಪ್ಟೆಂಬರಿನಲ್ಲಿ ಅದು ಶೇ 69.8 ಇತ್ತು, ಮರುವರ್ಷ ಅದೇ ತಿಂಗಳು ಶೇ 1.3. ಅಲ್ಲಿ ಎಲ್ಲ ಸೋವಿಯಾಯಿತು ಅಂದುಕೊಳ್ಳಬೇಡ. ಲೆಕ್ಕ ಹಾಕು: 100 ರೂಪಾಯಿಯ ಸಂತೆ ಸುಮಾರು 170 ಆಯಿತು, ಆಮೇಲೆ 172. ಏರಿದ ದರ ಏರಿದಲ್ಲೇ ಉಳಿಯಿತು.

ಯಾರು ಏನು ಉಣ್ಣುತ್ತಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. 2012ನ್ನು ಆಧಾರ ವರ್ಷ ಮಾಡಿಕೊಂಡಿದ್ದ ನಮ್ಮ ಹಿಂದಿನ ಬೆಲೆ ಸೂಚ್ಯಂಕದಲ್ಲಿ ಆಹಾರದ ಪಾಲು ಶೇ 46ರ ಹತ್ತಿರ ಇತ್ತು. ಜಪಾನಿನಲ್ಲಿ ಕಾಲು ಭಾಗದಷ್ಟು. ಹಾಗಾಗಿಯೇ 2025ರ ಅಕ್ಟೋಬರಿನಲ್ಲಿ ಕಾಯಿಪಲ್ಲೆ ದರ ಬಿದ್ದಾಗ ನಮ್ಮ ಹಣದುಬ್ಬರ ಶೇ 0.25ಕ್ಕೆ ಇಳಿಯಿತು. ಪೇಪರಿನವರು ಖುಷಿಪಟ್ಟರು. ರಾಯಬಾಗ, ಅಥಣಿ ಕಡೆ ಕಾಯಿಪಲ್ಲೆ ಬೆಳೆದ ರೈತನಿಗೆ ಅದು ಖುಷಿಯ ಅಂಕಿ ಹೇಗಾದೀತು? ಕೊಳ್ಳುವವರಿಗೆ ಉಳಿದ ರೊಕ್ಕದಲ್ಲಿ ಅವನ ಪಾಲೂ ಹೋಗಿರುತ್ತದೆ.

ಇಂಥ ಅಂಕಿಯಿಂದಲೇ ಹೊಟ್ಟೆಪಾಡು ನಿರ್ಧಾರವಾಗುವವರು ನಮ್ಮಲ್ಲೇ ಇದ್ದಾರೆ. ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಕ್ಕಳನ್ನು ನೋಡು. ಅವರ ಕೂಲಿ ಸಾವಿರ ಬೀಡಿಗೆ ಇಂತಿಷ್ಟು. ಅದರ ಮೇಲೆ ತುಟ್ಟಿಭತ್ಯೆ. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ ಏರಿದಂತೆ ಆ ಭತ್ಯೆಯೂ ಏರಬೇಕು. ಆ ಸೂಚ್ಯಂಕಕ್ಕಾಗಿ ಕೇಂದ್ರದ ಕಾರ್ಮಿಕ ಬ್ಯೂರೊ ದೇಶದ 88 ಕೇಂದ್ರಗಳ ಮಾರುಕಟ್ಟೆಗಳಿಂದ ದರ ಸಂಗ್ರಹಿಸುತ್ತದೆ. ನಮ್ಮ ಬೆಳಗಾವಿಯೂ ಅದರಲ್ಲೊಂದು. ಚಿಕ್ಕೋಡಿಯ ಸರ್ಕಾರಿ ಕಚೇರಿಯಲ್ಲಿ ಕೂತವರಿಗೆ ಆದೇಶ ಬಂದರೆ ಸಾಕು, ತುಟ್ಟಿಭತ್ಯೆ ಪಗಾರಕ್ಕೆ ಸೇರಿಬಿಡುತ್ತದೆ. ಮನೆಯ ಕಟ್ಟೆಯ ಮೇಲೆ ಕೂತು ಬೀಡಿ ಸುತ್ತುವ ಅವ್ವ ಕೇಳಿಯೇ ಪಡೆಯಬೇಕು. ಕೇಳಬೇಕಾದರೆ ಅಂಕಿ ಗೊತ್ತಿರಬೇಕು.

ಕರಾಚಿ, ಕೊಲಂಬೊ ಅಂಕಿ ಓದು, ಬೇಡ ಅನ್ನುವುದಿಲ್ಲ. ಅದರ ಜತೆಗೆ ನಿಮ್ಮ ಓಣಿಯಲ್ಲಿ ಬೀಡಿ ಕಟ್ಟುವವರ ಲೆಕ್ಕದ ಪುಸ್ತಕ ಇಸಿದುಕೊಂಡು, ಈ ವರ್ಷದ ತುಟ್ಟಿಭತ್ಯೆ ಸೇರಿದೆಯೋ ಇಲ್ಲವೋ ನೋಡಿ ಹೇಳು. ಸೇರಿಲ್ಲದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಬರೆದುಕೊಡು.