ಕಾದಂಬರಿಯನ್ನು ಬಚ್ಚಿಡಬೇಡ

ಮಗೂ, ಏನು ಓದುತ್ತಿದ್ದೀಯ ಎಂದು ಯಾರಾದರೂ ಕೇಳಿದರೆ ಪುಸ್ತಕದ ಹೆಸರನ್ನು ಗಟ್ಟಿಯಾಗಿ ಹೇಳು. ಅದು ಸಾಯಿಸುತೆಯವರ ಕಾದಂಬರಿಯಾಗಿರಲಿ, ಯಂಡಮೂರಿಯವರ ‘ತುಳಸಿದಳ’ವಾಗಿರಲಿ, ಮೊದಲ ಪುಟದಲ್ಲೇ ಹೆಣ ಬೀಳುವ ಪತ್ತೇದಾರಿಯಾಗಿರಲಿ. ಪಠ್ಯಪುಸ್ತಕದೊಳಗೆ ಇಟ್ಟುಕೊಂಡು ಓದುವುದು, ಹಿರಿಯರ ಹೆಜ್ಜೆ ಸದ್ದಾದರೆ ದಿಂಬಿನಡಿ ತುರುಕುವುದು, ‘ಸುಮ್ಮನೆ ಟೈಂಪಾಸಿಗೆ’ ಎಂದು ನುಣುಚಿಕೊಳ್ಳುವುದು, ಇವೆಲ್ಲ ನಮ್ಮ ಕಾಲಕ್ಕೇ ಮುಗಿಯಲಿ. ನಾವು ಹಾಗೆ ಬಚ್ಚಿಟ್ಟು ಓದಿದ್ದರಿಂದ ಓದಿದ್ದನ್ನು ಇನ್ನೊಬ್ಬರ ಹತ್ತಿರ ಬಾಯ್ತುಂಬ ಹೇಳಿಕೊಳ್ಳುವ ಸುಖ ನಮಗೆ ತಪ್ಪಿಹೋಯಿತು. ನಿನಗೆ ಅದು ತಪ್ಪಬಾರದು.

ನಿನ್ನ ವಯಸ್ಸಿನವರಿಗೆ ಬುದ್ಧಿ ಹೇಳುವವರು ಬಹಳ. ಪರೀಕ್ಷೆಗೆ ಬರುವುದನ್ನು ಓದು ಎನ್ನುವವರು ಕೆಲವರು. ಓದುವುದಿದ್ದರೆ ‘ಮಲೆಗಳಲ್ಲಿ ಮದುಮಗಳು’ ಓದು, ಇಂಥದ್ದೆಲ್ಲ ಯಾಕೆ ಎನ್ನುವವರು ಇನ್ನು ಕೆಲವರು. ಎರಡನೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕುವೆಂಪು ಅವರ ಆ ಕಾದಂಬರಿಯನ್ನು ನೀನು ಓದಲೇಬೇಕು, ಓದುವ ದಿನ ಬಂದೇ ಬರುತ್ತದೆ. ಆದರೆ ಅಷ್ಟು ದೊಡ್ಡ ಪುಸ್ತಕವನ್ನು ಹಿಡಿದು ಕೂರುವ ತಾಳ್ಮೆ ಬೈಗುಳದಿಂದ ಬರುವುದಿಲ್ಲ. ರಾತ್ರಿ ಹನ್ನೊಂದು ದಾಟಿದರೂ ಇನ್ನೊಂದು ಅಧ್ಯಾಯ, ಇನ್ನೊಂದೇ ಅಧ್ಯಾಯ ಎಂದು ಓದಿಸಿಕೊಂಡು ಹೋದ ಪುಸ್ತಕಗಳೇ ಅದನ್ನು ಕೊಡುತ್ತವೆ.

ಕನ್ನಡದ ಜನ ಕಾದಂಬರಿ ಓದಲು ಕಲಿತದ್ದೇ ಹೀಗೆ. ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ‘ದುರ್ಗೇಶನಂದಿನಿ’ ಕನ್ನಡದಲ್ಲಿ ಬಂದದ್ದು 1885ರಲ್ಲಿ. ಉತ್ತರ ಕರ್ನಾಟಕದಲ್ಲಿ ಗಳಗನಾಥರು ಕೋಟೆ, ಕುದುರೆ, ಸಂಚು, ಸಾಹಸಗಳ ಐತಿಹಾಸಿಕ ಕಾದಂಬರಿಗಳನ್ನು ಬರೆದು, ಅವನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮುಂದೇನಾಯಿತು ಎಂಬ ಕುತೂಹಲವೊಂದನ್ನು ನೆಚ್ಚಿಕೊಂಡು ಈ ಇಬ್ಬರು ಒಂದು ಓದುವ ಬಳಗವನ್ನೇ ಕಟ್ಟಿದರು. ಆಮೇಲೆ ಬಂದ ಅ.ನ.ಕೃ. ನೂರಕ್ಕೂ ಮಿಕ್ಕಿ ಕಾದಂಬರಿ ಬರೆದರು. ವೇಶ್ಯಾಸಮಸ್ಯೆಯ ಕುರಿತ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಅಶ್ಲೀಲವೆಂದು ಗದ್ದಲವೆದ್ದಾಗ ಅವರು ಹಿಂಜರಿಯದೆ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ನೀನು ನವೆಂಬರ್‌ನಲ್ಲಿ ಕೈಯಲ್ಲಿ ಹಿಡಿಯುವ ಹಳದಿ-ಕೆಂಪು ಬಾವುಟವಿದೆಯಲ್ಲ, ಅದನ್ನು ರೂಪಿಸಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಗಳನ್ನು ಬರೆದವರು. ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಮನೆಮನೆಗೆ ಪರಿಚಯಿಸಿದರು. ಹೆಚ್ಚು ಶಾಲೆ ಕಾಣದ ಆ ಮನುಷ್ಯ ನೂರಾರು ಕಾದಂಬರಿ ಬರೆದು, ಎಷ್ಟೋ ಮಂದಿಗೆ ಅಕ್ಷರ ಕೂಡಿಸಿ ಓದುವ ಹುಚ್ಚು ಹಿಡಿಸಿದ್ದನ್ನು ನಾನು ಸಣ್ಣ ಸೇವೆ ಎಂದು ಒಪ್ಪಲಾರೆ.

ವಾರಪತ್ರಿಕೆಯ ಧಾರಾವಾಹಿ ಎಂದರೆ ಏನೆಂದು ನಿನಗೆ ಗೊತ್ತಾಗಬೇಕು. ‘ಸುಧಾ’ 1965ರಲ್ಲಿ ಶುರುವಾಯಿತು, ‘ತರಂಗ’ 1983ರಲ್ಲಿ. ಒಂದು ಕಂತು ಓದಿ ಮುಗಿಸಿದರೆ ಮುಂದಿನದಕ್ಕೆ ಒಂದು ವಾರ ಕಾಯಬೇಕು. ಆ ವಾರವೆಲ್ಲ ಕಥೆ ತಲೆಯಲ್ಲಿ ನಡೆಯುತ್ತಲೇ ಇರುತ್ತಿತ್ತು. ಅವಳು ಆ ಪತ್ರ ಒಡೆಯುತ್ತಾಳೋ ಇಲ್ಲವೋ ಎಂದು ನೀರು ಸೇದುತ್ತ, ಬಟ್ಟೆ ಒಣಹಾಕುತ್ತ ಚರ್ಚೆ ಮಾಡುತ್ತಿದ್ದರು. ಪತ್ರಿಕೆ ಬಂದ ದಿನ ಮನೆಯಲ್ಲಿ ಯಾರು ಮೊದಲು ಓದಬೇಕೆಂಬುದಕ್ಕೆ ಒಂದು ಸರತಿ. ಓದಿ ಆದ ಮೇಲೆ ಧಾರಾವಾಹಿಯ ಹಾಳೆಗಳನ್ನು ಜೋಪಾನವಾಗಿ ಬಿಡಿಸಿ, ಕೊನೆಯ ಕಂತು ಬಂದಾಗ ದಬ್ಬಣದಲ್ಲಿ ಹೊಲಿದು ರಟ್ಟು ಅಂಟಿಸಿ ಪುಸ್ತಕ ಮಾಡಿಕೊಳ್ಳುವ ಹೆಂಗಸರಿದ್ದರು. ಅಂಥ ಹೊಲಿದ ಪುಸ್ತಕ ಒಂದು ಬೀದಿಯ ಎಲ್ಲ ಮನೆಗಳನ್ನೂ ಸುತ್ತಿ, ಎಣ್ಣೆಯ ಕಲೆ ಹೊತ್ತು ಹಿಂದಿರುಗುತ್ತಿತ್ತು. ಇಂದು ನೀನು ಇಡೀ ಕಥೆಯನ್ನು ಒಂದೇ ರಾತ್ರಿ ಮುಗಿಸಬಲ್ಲೆ. ಮುಗಿಸು, ಅದರ ಸುಖವೇ ಬೇರೆ. ಆದರೂ ಒಂದು ಕಾದಂಬರಿಯನ್ನಾದರೂ ದಿನಕ್ಕೊಂದೇ ಅಧ್ಯಾಯದಂತೆ, ಬೇಕೆಂದೇ ತಡೆದು ಓದಿ ನೋಡು. ಪಾತ್ರಗಳು ನಿನ್ನ ಜೊತೆ ಕಾಲೇಜಿಗೂ ಬರುತ್ತವೆ.

ಬಾಡಿಗೆ ಪುಸ್ತಕದ ಅಂಗಡಿಗಳು ಈಗ ಅಪರೂಪ. ಒಂದಿಷ್ಟು ಡಿಪಾಜಿಟ್ಟು, ದಿನಕ್ಕಿಷ್ಟು ಪೈಸೆ, ಕಂದು ಕಾಗದದ ಹೊದಿಕೆ, ಬೆನ್ನ ಮೇಲೆ ನಂಬರು. ಮಧ್ಯಾಹ್ನ ಕೆಲಸ ಮುಗಿಸಿದ ಅಮ್ಮಂದಿರು ಮಕ್ಕಳ ಕೈಗೆ ಚೀಲ ಕೊಟ್ಟು, ತ್ರಿವೇಣಿ ಇದ್ದರೆ ತ್ರಿವೇಣಿ, ಇಲ್ಲದಿದ್ದರೆ ಇಂದಿರಾ, ವಾಣಿ, ಉಷಾ ನವರತ್ನರಾಂ ಎಂದು ಹೇಳಿ ಕಳಿಸುತ್ತಿದ್ದರು. ಓದಿದ್ದೇ ಮತ್ತೆ ಬಾರದಿರಲೆಂದು ಯಾವುದೋ ಒಂದು ಪುಟದ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ತಮ್ಮದೇ ಗುರುತು ಹಾಕುತ್ತಿದ್ದರು. ಈ ಹೆಂಗಸರ ಓದನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಕರೆದವರಿದ್ದಾರೆ. ನನಗೆ ಈ ವಯಸ್ಸಿನಲ್ಲೂ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ.

ಯಾಕೆ ಸಿಟ್ಟು ಎಂದು ಹೇಳುತ್ತೇನೆ. ತ್ರಿವೇಣಿಯವರ ‘ಶರಪಂಜರ’ವನ್ನೇ ತೆಗೆದುಕೊ. ಮುದ್ದಾದ ಸಂಸಾರ, ಚೆಲುವೆ ಕಾವೇರಿ, ಪ್ರೀತಿಸುವ ಗಂಡ, ಎಲ್ಲವೂ ಜನ ಇಷ್ಟಪಡುವ ಕಾದಂಬರಿಯ ಸರಕೇ. ಬಾಣಂತನದಲ್ಲಿ ಅವಳ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿ ಗುಣವಾಗಿ ಮನೆಗೆ ಬರುತ್ತಾಳೆ. ಬಂದವಳನ್ನು ಯಾರೂ ಗುಣವಾದವಳೆಂದು ನಂಬುವುದಿಲ್ಲ. ಜೋರಾಗಿ ನಕ್ಕರೂ ಅನುಮಾನ, ಮಾತಾಡದೆ ಕುಳಿತರೂ ಅನುಮಾನ. ಗಂಡನೂ ದೂರವಾಗುತ್ತಾನೆ. ಕಾಯಿಲೆ ತಾರದಷ್ಟು ಕೇಡನ್ನು ಈ ಅನುಮಾನ ತರುತ್ತದೆ. ಮನೆಯ ಹೆಂಗಸಿಗೆ ಮಾನಸಿಕ ಕಾಯಿಲೆ ಬಂದರೆ ದೆವ್ವ, ಮಾಟ ಎಂದು ಮುಚ್ಚಿಡುತ್ತಿದ್ದ ಕಾಲದಲ್ಲಿ ಇದನ್ನು ಲಕ್ಷಾಂತರ ಜನರ ಮುಂದೆ ಇಟ್ಟದ್ದು ಯಾವ ವೈದ್ಯಕೀಯ ಗ್ರಂಥ? ಬಾಡಿಗೆ ಅಂಗಡಿಯ ಈ ಕಾದಂಬರಿ, ಆಮೇಲೆ 1971ರಲ್ಲಿ ಪುಟ್ಟಣ್ಣ ಕಣಗಾಲರು ಮಾಡಿದ ಸಿನಿಮಾ. ತ್ರಿವೇಣಿ ಬದುಕಿದ್ದು 1928ರಿಂದ 1963ರವರೆಗೆ ಮಾತ್ರ. ಆ ಸಿನಿಮಾವನ್ನು ಅವರು ನೋಡಲೇ ಇಲ್ಲ. ‘ಬೆಕ್ಕಿನ ಕಣ್ಣು’, ‘ಹಣ್ಣೆಲೆ ಚಿಗುರಿದಾಗ’, ‘ಬೆಳ್ಳಿಮೋಡ’, ಇಷ್ಟನ್ನೆಲ್ಲ ಅಷ್ಟು ಚಿಕ್ಕ ಆಯುಸ್ಸಿನಲ್ಲಿ ಬರೆದುಹೋದರು.

ಎಂ.ಕೆ. ಇಂದಿರಾ ಅವರದು ಇನ್ನೊಂದು ಬಗೆ. ಶಾಲೆ ಬೇಗ ನಿಂತು, ಮದುವೆ ಬೇಗ ಆಗಿ, ಸಂಸಾರ ನಡೆಸಿ, ನಲವತ್ತು ದಾಟಿದ ಮೇಲೆ ಪೆನ್ನು ಹಿಡಿದವರು. ‘ತುಂಗಭದ್ರ’ 1963ರಲ್ಲಿ ಬಂತು, ‘ಫಣಿಯಮ್ಮ’ 1976ರಲ್ಲಿ. ಫಣಿಯಮ್ಮ ಬಾಲವಿಧವೆ. ಗಂಡನ ಮುಖವನ್ನೇ ಸರಿಯಾಗಿ ಕಾಣದೆ ತಲೆ ಬೋಳಿಸಿಕೊಂಡು, ಮಡಿಯಲ್ಲಿ ನೂರು ವರ್ಷ ಬದುಕಿದವಳು. ಕಥೆಯಲ್ಲಿ ಒಬ್ಬ ತರುಣ ವಿಧವೆ ಕೇಶಮುಂಡನಕ್ಕೆ ಒಪ್ಪದೆ ಎದುರು ನಿಲ್ಲುತ್ತಾಳೆ. ಎಲ್ಲರೂ ಹೌಹಾರಿದಾಗ ಆ ಹುಡುಗಿಯ ಪರವಾಗಿ ಮಾತಾಡುವವಳು ಅದೇ ಮಡಿ ಫಣಿಯಮ್ಮ. ತಾನು ಉಂಡ ಕಷ್ಟ ಇನ್ನೊಬ್ಬಳಿಗೂ ಆಗಲಿ ಎನ್ನದ ದೊಡ್ಡಗುಣ ಅದು. ಇಂದಿರಾ ಅದನ್ನು ಭಾಷಣ ಮಾಡಿ ಹೇಳುವುದಿಲ್ಲ. ಮಲೆನಾಡಿನ ಅಜ್ಜಿಯೊಬ್ಬಳು ಜಗಲಿಯಲ್ಲಿ ಕೂತು ಹೇಳುವ ಹಾಗೆ, ಬತ್ತಿ ಹೊಸೆಯುತ್ತ ಹೇಳಿಬಿಡುತ್ತಾರೆ. ಹೀಗೆ ಸರಾಗವಾಗಿ ಹೇಳುವುದು ಸುಲಭವೆಂದು ತಿಳಿದವರು ಒಂದು ಪುಟ ಬರೆದು ನೋಡಲಿ.

ಓದಿಸಿಕೊಂಡು ಹೋಗುವ ಗುಣ ಕಡಿಮೆ ವಿದ್ಯೆಯಲ್ಲ ಎನ್ನುವುದಕ್ಕೆ ನನಗೆ ತುಂಬ ಮೆಚ್ಚಿಗೆಯಾದ ಉದಾಹರಣೆ ತ.ರಾ.ಸು. ಅವರ ‘ದುರ್ಗಾಸ್ತಮಾನ’. ಚಿತ್ರದುರ್ಗ ಬಿದ್ದದ್ದು 1779ರಲ್ಲಿ, ಹೈದರಾಲಿಯ ಕೈಗೆ. ಅದು ಎಲ್ಲರಿಗೂ ಗೊತ್ತು. ಪುಸ್ತಕದ ಹೆಸರೇ ಕೊನೆಯನ್ನು ಹೇಳಿಬಿಟ್ಟಿದೆ. ಹಾಗಿದ್ದರೂ ಮದಕರಿ ನಾಯಕ ಉಳಿಯಬಹುದೇನೋ, ಈ ಸಲವಾದರೂ ಕೋಟೆ ನಿಲ್ಲಬಹುದೇನೋ ಎಂದು ಎದೆ ಬಡಿದುಕೊಳ್ಳುತ್ತ ಓದುತ್ತೇವೆ. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ತ.ರಾ.ಸು. ತೀರಿಕೊಂಡ ಮೇಲೆ. ಅವರದೇ ‘ಹಂಸಗೀತೆ’ ಹಿಂದಿಯವರನ್ನೂ ತಲುಪಿ ‘ಬಸಂತ್ ಬಹಾರ್’ ಸಿನಿಮಾ ಆಯಿತು. ಜನ ಮುಗಿಬಿದ್ದು ಓದಿದ ಲೇಖಕನನ್ನೇ ವಿದ್ವಾಂಸರೂ ಗೌರವಿಸಿದ್ದು ಹೊಸ ವಿಷಯವಲ್ಲ. ತೇಜಸ್ವಿಯವರನ್ನು ನೋಡು. ‘ಜುಗಾರಿ ಕ್ರಾಸ್’ ಏಲಕ್ಕಿ ಮಾರಲು ಹೊರಟ ಗಂಡಹೆಂಡಿರ ಒಂದೇ ದಿನದ ಕಥೆ. ಕಳ್ಳಸಾಗಣೆ, ಕೊಲೆ, ರೈಲು, ಕಾಡು ಎಲ್ಲ ಇವೆ. ಅದನ್ನು ಪತ್ತೇದಾರಿ ಎನ್ನಬೇಕೋ ಗಂಭೀರ ಸಾಹಿತ್ಯ ಎನ್ನಬೇಕೋ ಎಂದು ತಲೆ ಕೆಡಿಸಿಕೊಳ್ಳದೆ ನೀನು ಓದು.

ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿಟ್ಟುಕೊ. ಕಥೆಗೆ ಮನಸ್ಸು ಕೊಡು, ಆದರೆ ಕಥೆ ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಡ. ನಾವು ಓದಿದ ಎಷ್ಟೋ ಜನಪ್ರಿಯ ಕಾದಂಬರಿಗಳಲ್ಲಿ ನಾಯಕಿ ಬೆಳ್ಳಗೇ ಇರಬೇಕು, ಓದಿದ ಹುಡುಗಿ ಜಂಬದವಳೇ ಆಗಬೇಕು, ಕೊನೆಗೆ ಗಂಡನ ಒಂದು ಏಟಿನಿಂದ ಬುದ್ಧಿ ಕಲಿತು ಕಾಲಿಗೆ ಬೀಳಬೇಕು. ಅಂಥ ಜಾಗ ಬಂದಾಗ ಪುಸ್ತಕದ ಜೊತೆ ಜಗಳವಾಡು. ನಿನ್ನದೇ ಪ್ರತಿಯಾದರೆ ಅಂಚಿನಲ್ಲಿ ಬರೆ. ಸಿಟ್ಟು ಬಂದರೂ ಮುಂದೆ ಓದಬೇಕೆನಿಸಿದರೆ ಓದು, ಅದರಲ್ಲಿ ತಪ್ಪಿಲ್ಲ. ತಿರಸ್ಕರಿಸಿ ಎಸೆಯಬೇಕೆನಿಸಿದರೆ ಅದನ್ನೂ ಮಾಡು. ಹೀಗೆ ಓದುತ್ತ ಹೋದವಳಿಗೆ, ಯಾವ ಲೇಖಕಿ ತನ್ನ ನಾಯಕಿಯನ್ನು ಕೊನೆಯ ಅಧ್ಯಾಯದಲ್ಲಿ ಕೈಬಿಟ್ಟಳು, ಯಾರು ಕೈಬಿಡಲಿಲ್ಲ ಎನ್ನುವುದು ತಾನಾಗಿಯೇ ಕಾಣತೊಡಗುತ್ತದೆ. ವಿಮರ್ಶೆಯ ಪಾಠ ಅಲ್ಲೇ ಶುರುವಾಗುತ್ತದೆ.

ಇನ್ನು ದಿನನಿತ್ಯದ ಓದಿನ ವಿಷಯ. ಪ್ರತಿದಿನ ಓದು, ಸ್ವಲ್ಪವಾದರೂ. ಮೆಟ್ರೋದಲ್ಲಿ, ಬಸ್ಸಿಗೆ ಕಾಯುವಾಗ, ಅನ್ನ ಬೇಯುವ ಹೊತ್ತಿನಲ್ಲಿ. ಬಿಡುವು ಸಿಕ್ಕಾಗ ಓದುತ್ತೇನೆ ಎಂದವರಿಗೆ ಬಿಡುವು ಸಿಕ್ಕಿದ್ದನ್ನು ನಾನು ಕಂಡಿಲ್ಲ. ಐವತ್ತು ಪುಟವಾದರೂ ಹಿಡಿಸದ ಪುಸ್ತಕವನ್ನು ಕೆಳಗಿಡು, ಯಾರಿಗೂ ಉತ್ತರ ಹೇಳಬೇಕಾಗಿಲ್ಲ. ಇಷ್ಟವಾದದ್ದನ್ನು ಮತ್ತೆ ಓದು. ಕಣ್ಣು ಮಂಜಾದ ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಗಟ್ಟಿಯಾಗಿ ಓದಿ ಹೇಳು. ಆಗ ನಿನ್ನ ನಾಲಿಗೆಗೆ ಕನ್ನಡ ಹತ್ತುವ ಬಗೆಯೇ ಬೇರೆ. ಇಂಗ್ಲಿಷಿನಲ್ಲೇ ಓದಿ ಬೆಳೆದು, ಕನ್ನಡ ಓದುವುದು ನಿಧಾನ ಎಂದು ಸಂಕೋಚಪಡುವ ಮಕ್ಕಳನ್ನು ನೋಡಿದ್ದೇನೆ. ಅವರಿಗೆಲ್ಲ ನಾನು ಕೊಡುವುದು ಸಂಭಾಷಣೆ ಹೆಚ್ಚಿರುವ, ಓಡುವ ಕಾದಂಬರಿ. ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’ ಹಿಡಿದವರು ಶಾಸನ, ಶಿಲ್ಪಗಳ ರಹಸ್ಯದ ಬೆನ್ನು ಹತ್ತಿ, ತಾವು ನಿಧಾನವಾಗಿ ಓದುತ್ತೇವೆಂಬುದನ್ನೇ ಮರೆಯುತ್ತಾರೆ. ಕೇಳುಪುಸ್ತಕವೂ ಒಳ್ಳೆಯದೇ, ಪಾತ್ರೆ ತೊಳೆಯುವಾಗ ಅದು ದೊಡ್ಡ ಜೊತೆ.

ಪಿಡಿಎಫ್ ಕದ್ದು ಹಂಚುವುದನ್ನು ಮಾತ್ರ ಮಾಡಬೇಡ. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಕನ್ನಡದ ಪುಸ್ತಕ ಎರಡು ಕಾಫಿ, ಒಂದು ದೋಸೆಯ ಬೆಲೆಗೆ ಸಿಗುತ್ತದೆ, ಅದನ್ನು ಬರೆದವರು ವರ್ಷಗಟ್ಟಲೆ ದುಡಿದಿರುತ್ತಾರೆ. ಕೊಳ್ಳಲಾಗದಿದ್ದರೆ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗು. 1965ರ ಗ್ರಂಥಾಲಯ ಕಾಯಿದೆಯಿಂದಾಗಿ ನಿಮ್ಮ ಮನೆಯ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯದ ಕರವೂ ಸೇರಿಯೇ ಹೋಗುತ್ತದೆ, ಅಂದರೆ ಆ ಕಪಾಟುಗಳ ಮೇಲೆ ನಿನಗೆ ಹಕ್ಕಿದೆ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೇ ಹೋಗಬೇಕೆಂದಿಲ್ಲ, ನಿಮ್ಮ ಬಡಾವಣೆಯ ಶಾಖೆ ಸಾಕು. ಹಳೆಯ ಮುದ್ರಣಗಳು ಅಲ್ಲೇ ಹೆಚ್ಚು ಉಳಿದಿರುವುದು. ಬೇಕಾದ ಪುಸ್ತಕ ಇಲ್ಲದಿದ್ದರೆ ತರಿಸಿಕೊಡಿ ಎಂದು ಬರೆದು ಕೊಡು. ಓದುಗರು ಕೇಳದಿದ್ದರೆ ಯಾರೂ ತರಿಸುವುದಿಲ್ಲ.

ನಮ್ಮ ಮನೆಗೆ ಬಂದಾಗ ನನ್ನ ಕಪಾಟನ್ನು ಕೇಳದೆಯೇ ತೆಗೆ. ಮೊದಲು ‘ಫಣಿಯಮ್ಮ’ ತೆಗೆದುಕೊ, ಚಿಕ್ಕದು, ಒಂದು ಭಾನುವಾರಕ್ಕೆ ಆಗುತ್ತದೆ. ಆಮೇಲೆ ‘ಶರಪಂಜರ’, ‘ಜುಗಾರಿ ಕ್ರಾಸ್’. ‘ದುರ್ಗಾಸ್ತಮಾನ’ವನ್ನು ರಜೆಗೆ ಇಟ್ಟುಕೊ, ಶುರುಮಾಡಿದ ಮೇಲೆ ಬೇರೆ ಕೆಲಸ ಆಗುವುದಿಲ್ಲ. ಓದಿ ಮುಗಿಸಿದ ಕೂಡಲೇ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಪರವಾಗಿಲ್ಲ. ಶರಪಂಜರದ ಗಂಡನನ್ನು ನೀನು ಕ್ಷಮಿಸುತ್ತೀಯೋ ಇಲ್ಲವೋ ಎಂದು ನನಗೆ ಕೇಳಬೇಕಾಗಿದೆ.