ಕಿತಾಬಿನಷ್ಟೇ ಕೇರಿಯನ್ನೂ ಓದು

ಮಗಳೇ,

ಎಂ.ಎ.ಗೆ ಇಸ್ಲಾಮಿಕ್ ಸ್ಟಡೀಸ್ ತೆಗೆದುಕೊಳ್ಳುತ್ತೇನೆ ಎಂದು ನೀನು ಹೇಳಿದ ಮೇಲೆ ಮನೆಯಲ್ಲಿ ಎರಡು ಪಕ್ಷವಾಗಿದೆಯಂತೆ. ನಿನ್ನ ಉಪ್ಪನಿಗೆ ಕೆಲಸದ ಚಿಂತೆ. ಅಜ್ಜಿಗೆ ಬೇರೆಯದೇ ಚಿಂತೆ: ಮದ್ರಸದಲ್ಲಿ ಉಸ್ತಾದರು ಕಲಿಸಿದ್ದನ್ನು ಯೂನಿವರ್ಸಿಟಿಯವರು ಮರೆಸಿಬಿಟ್ಟರೆ? ಇಬ್ಬರದೂ ಅಲ್ಲಗಳೆಯುವಂಥದ್ದಲ್ಲ. ಕೆಲಸದ ಮಾತನ್ನು ಬೇಗ ಮುಗಿಸುತ್ತೇನೆ. ಈ ವಿಷಯದಲ್ಲಿ ಅಧ್ಯಾಪಕರ ಹುದ್ದೆಗಳು ಕಡಿಮೆ. ನೆಟ್ ಪರೀಕ್ಷೆಯಲ್ಲಿ ‘ಅರಬ್ ಸಂಸ್ಕೃತಿ ಮತ್ತು ಇಸ್ಲಾಮಿಕ್ ಅಧ್ಯಯನ’ ಎಂಬ ವಿಷಯ ಉಂಟು, ಆದರೆ ಪಾಸಾದ ಕೂಡಲೇ ಯಾರೂ ಕರೆದು ಕುರ್ಚಿ ಕೊಡುವುದಿಲ್ಲ. ಆದ್ದರಿಂದ ಕಾನೂನೋ ಸಮಾಜಶಾಸ್ತ್ರವೋ ಅರ್ಥಶಾಸ್ತ್ರವೋ, ಇನ್ನೊಂದು ವಿಷಯ ಕೈಯಲ್ಲಿರಲಿ. ಇದನ್ನು ಹೊಟ್ಟೆಪಾಡಿಗಾಗಿ ಮಾತ್ರ ಹೇಳುತ್ತಿಲ್ಲ. ಯಾಕೆ ಎಂಬುದು ಮುಂದೆ ಬರುತ್ತದೆ.

ಅಜ್ಜಿಗೆ ಹೀಗೆ ಹೇಳು: ಯೂನಿವರ್ಸಿಟಿ ನಿನ್ನ ಈಮಾನನ್ನು ಕೇಳುವುದೂ ಇಲ್ಲ, ಕೊಡುವುದೂ ಇಲ್ಲ. ಪಕ್ಕದ ಬೆಂಚಿನಲ್ಲಿ ಹಿಂದೂ ಹುಡುಗ ಕೂತಿರಬಹುದು, ಕ್ರೈಸ್ತ ಸನ್ಯಾಸಿನಿ ಕೂತಿರಬಹುದು, ಯಾವ ಧರ್ಮವೂ ಬೇಡವೆನ್ನುವವಳೂ ಇರಬಹುದು. ಮದ್ರಸದಲ್ಲಿ ಏನು ಮಾಡಬೇಕು ಎಂದು ಕಲಿತೆ. ಯೂನಿವರ್ಸಿಟಿಯಲ್ಲಿ ಇದು ಹೇಗೆ ಬಂತು, ಯಾರು ಒಪ್ಪಲಿಲ್ಲ, ಯಾಕೆ ಒಪ್ಪಲಿಲ್ಲ ಎಂದು ಕೇಳುತ್ತಾರೆ. ಎರಡನೆಯದನ್ನು ಕಲಿತವರಿಗೆ ಮೊದಲನೆಯದನ್ನು ಕೀಳಾಗಿ ಕಾಣುವ ಚಾಳಿ ಹತ್ತಿಕೊಳ್ಳುವುದುಂಟು. ನಿನಗೆ ಅದು ಬೇಡ. ಪಳ್ಳಿ ದರ್ಸುಗಳಲ್ಲಿ (ಮಸೀದಿಯ ಪಾಠಗಳಲ್ಲಿ) ಓದಿಸುವ ‘ಫತ್‌ಹುಲ್ ಮುಈನ್’ 16ನೇ ಶತಮಾನದಲ್ಲಿ ಪೊನ್ನಾನಿಯ ಝೈನುದ್ದೀನ್ ಮಖ್ದೂಮ್ ಬರೆದದ್ದು. ಕಡಲಾಚೆ ಇಂಡೋನೇಷ್ಯಾದ ಮದ್ರಸಗಳಲ್ಲೂ ಅದು ಪಾಠವಾಗಿದೆ. ಅದೇ ಮಖ್ದೂಮರು ಪೋರ್ಚುಗೀಸರು ಮಲಬಾರಿನಲ್ಲಿ ನಡೆಸಿದ ಹಾವಳಿಯ ಚರಿತ್ರೆಯನ್ನೂ ಬರೆದರು. ವುಜೂ, ನಮಾಜು, ನಿಕಾಹಿನ ಕಾನೂನು ಬರೆದವರಿಗೆ ತಮ್ಮ ಕಡಲತೀರದಲ್ಲಿ ಏನು ನಡೆಯುತ್ತಿದೆ ಎಂಬುದನ್ನೂ ಬರೆದಿಡಬೇಕೆನಿಸಿತು. ದರ್ಸಿನವರನ್ನು ಹಳೆಯ ಕಾಲದವರು ಎಂದು ನಗುವ ಮೊದಲು ಇದನ್ನು ನೆನಪಿಟ್ಟುಕೋ.

ನೀನು ಸೇರಬೇಕೆಂದಿರುವ ಕೋರ್ಸಿನ ವಿವರಣೆಯಲ್ಲಿ ‘ಇಸ್ಲಾಮಿಕ ಚಿಂತನೆ’ ಎಂದಿರುವಂತೆಯೇ ‘ಸಮಕಾಲೀನ ಸಮಾಜ’ ಎಂದೂ ಇದೆ. ಹುಡುಗರು ಮೊದಲನೆಯದಕ್ಕೆ ಬೆವರು ಸುರಿಸುತ್ತಾರೆ. ಎರಡನೆಯದು ತಮಗೆ ಗೊತ್ತೇ ಇದೆ ಎಂದುಕೊಳ್ಳುತ್ತಾರೆ. ಸಮಾಜದಲ್ಲಿ ಬದುಕಿದ ಮಾತ್ರಕ್ಕೆ ಸಮಾಜ ಗೊತ್ತಾಗುವುದಿಲ್ಲ. ನಾನು ಆಲಿಮನಲ್ಲ, ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ನನಗೆ ಗೊತ್ತಿರುವ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕಳೆದ ಶತಮಾನದ ಮೊದಲ ದಶಕಗಳಲ್ಲಿ ಪಂಜಾಬಿನ ಮುಸ್ಲಿಂ ಹೆಂಗಸರು ಕೆಲವರು ಕೋರ್ಟಿಗೆ ಬಂದು ನಾವು ಇಸ್ಲಾಂ ಬಿಟ್ಟೆವು ಎಂದು ಹೇಳತೊಡಗಿದರು. ಅವರ ತಕರಾರು ಇದ್ದದ್ದು ಧರ್ಮದ ಮೇಲಲ್ಲ, ಗಂಡನ ಮೇಲೆ. ಹನಫಿ ಮದ್‌ಹಬಿನಲ್ಲಿ (ಶಾಸ್ತ್ರಪಂಥದಲ್ಲಿ) ಹೊಡೆಯುವ, ಖರ್ಚಿಗೆ ಕೊಡದ, ಬಿಟ್ಟುಹೋದ ಗಂಡನಿಂದ ಹೆಂಡತಿ ಬಿಡುಗಡೆ ಪಡೆಯುವ ದಾರಿ ಬಹಳ ಇಕ್ಕಟ್ಟಿನದು. ಗಂಡ ನಾಪತ್ತೆಯಾದರೆ ಅವನ ಓರಗೆಯವರೆಲ್ಲ ತೀರಿಹೋಗುವಷ್ಟು ಕಾಲ ಕಾಯಬೇಕು ಎಂಬುದು ಹಳೆಯ ಮತ. ಧರ್ಮ ಬಿಟ್ಟರೆ ಮಾತ್ರ ಮದುವೆ ಮುರಿಯುತ್ತದೆ ಎಂದು ಕೋರ್ಟುಗಳು ಒಪ್ಪುತ್ತಿದ್ದವು. ಕಾನೂನು ಮಾಡಿದ್ದ ಕಿಂಡಿಯಲ್ಲಿ ಹೆಂಗಸರು ನುಸುಳಿದರು. ಅಲ್ಲಾಮಾ ಇಕ್ಬಾಲರು ತಮ್ಮ ಪ್ರಸಿದ್ಧ ಇಂಗ್ಲಿಷ್ ಉಪನ್ಯಾಸಮಾಲೆಯಲ್ಲಿ, ಇಜ್ತಿಹಾದ್ (ಸ್ವತಂತ್ರ ಶಾಸ್ತ್ರವಿಚಾರ) ಕುರಿತ ಭಾಗದಲ್ಲಿ, ಇದನ್ನೇ ಎತ್ತಿ ಫಿಕ್‌ಹಿನ (ಧರ್ಮಶಾಸ್ತ್ರದ) ಪಂಡಿತರನ್ನು ಪ್ರಶ್ನಿಸಿದರು. (ಆ ಮಾಲೆಯ ಕೆಲವು ಉಪನ್ಯಾಸಗಳನ್ನು ಮದ್ರಾಸಿನಲ್ಲಿ ಕೊಟ್ಟ 1929ರ ಜನವರಿಯಲ್ಲೇ ಅವರು ಬೆಂಗಳೂರು, ಮೈಸೂರಿಗೂ ಬಂದಿದ್ದರು, ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸಮಾಧಿ ನೋಡಿದರು. ನಮ್ಮವರಿಗೆ ಸಮಾಧಿಯ ಭೇಟಿ ನೆನಪಿದೆ, ಉಪನ್ಯಾಸ ಮರೆತಿದೆ.)

ಈ ಗಂಟನ್ನು ಬಿಚ್ಚಿದವರು ಯಾರು ಗೊತ್ತೇ? ದೇವಬಂದಿ ಪರಂಪರೆಯ, ‘ಬಿಹಿಷ್ತಿ ಝೇವರ್’ ಬರೆದ ಮೌಲಾನಾ ಅಶ್ರಫ್ ಅಲಿ ಥಾನವಿ. ಅವರನ್ನು ಯಾರೂ ಸುಧಾರಕರ ಪಟ್ಟಿಯಲ್ಲಿ ಹಾಕುವುದಿಲ್ಲ. ಧರ್ಮ ಬಿಟ್ಟರೆ ಮದುವೆ ಮುರಿಯುತ್ತದೆ ಎಂದು ಮೊದಲು ಫತ್ವಾ ಕೊಟ್ಟವರಲ್ಲಿ ಅವರೂ ಒಬ್ಬರು. ಆಮೇಲೆ ಮದೀನಾದ ಮಾಲಿಕಿ ಮುಫ್ತಿಗಳಿಗೆ ಪತ್ರ ಬರೆದು, ಅವರ ಅಭಿಪ್ರಾಯ ತರಿಸಿಕೊಂಡು, 1930ರ ದಶಕದ ಆರಂಭದಲ್ಲಿ ‘ಅಲ್ ಹೀಲತುನ್ ನಾಜಿಝ’ ಎಂಬ ಪುಸ್ತಕ ಹೊರತಂದರು. ಧರ್ಮ ಬಿಟ್ಟ ಮಾತ್ರಕ್ಕೆ ಮದುವೆ ಮುರಿಯದು, ಆದರೆ ಕಷ್ಟದಲ್ಲಿರುವ ಹೆಣ್ಣಿಗೆ ಹನಫಿ ಕಾಜಿಯೂ ಮಾಲಿಕಿ ನಿಯಮದಂತೆ ಬಿಡುಗಡೆ ಕೊಡಬಹುದು ಎಂಬುದು ಅದರ ಸಾರ. ಆ ಚರ್ಚೆಯಿಂದಲೇ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಹುಟ್ಟಿತು. ಗಂಡ ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ ಹೆಂಡತಿ ಕೋರ್ಟಿನಿಂದ ವಿಚ್ಛೇದನ ಪಡೆಯಬಹುದು ಎನ್ನುವ ಆ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ. ಇಂಥ ಮೊಕದ್ದಮೆಯನ್ನು ಮುಸ್ಲಿಂ ನ್ಯಾಯಾಧೀಶರೇ ಕೇಳಬೇಕೆಂದು ಉಲಮಾಗಳು ಹಿಡಿದಿದ್ದ ಪಟ್ಟು ಮಾತ್ರ ನಡೆಯಲಿಲ್ಲ. ಅದು ಬಿದ್ದುಹೋದದ್ದಕ್ಕೆ ಅವರಿಗೆ ಬೇಸರವಿತ್ತು.

ಈ ಕಥೆಯನ್ನು ಸಂಪ್ರದಾಯ–ಆಧುನಿಕತೆಗಳ ಜಗಳ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗಬಹುದು, ನಿಜ ಸಿಗುವುದಿಲ್ಲ. ಥಾನವಿಯವರ ಮುಂದಿದ್ದ ಕಿತಾಬುಗಳು ಶತಮಾನಗಳಿಂದ ಎಲ್ಲರ ಮುಂದೆಯೂ ಇದ್ದವು. ಅವರನ್ನು ಮದೀನಾಕ್ಕೆ ಪತ್ರ ಬರೆಯುವಂತೆ ಮಾಡಿದ್ದು ಪಂಜಾಬಿನ ಕೋರ್ಟಿನ ಕಟಕಟೆಯಲ್ಲಿ ನಿಂತ ಹೆಂಗಸರು. ಅವರಲ್ಲಿ ಯಾರ ಹೆಸರೂ ಆ ಪುಸ್ತಕದ ಜೊತೆ ನಮಗೆ ನೆನಪಿಲ್ಲ.

ನಮ್ಮ ಊರಿನ ಕಡೆಗೆ ಬಾ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈ ಮದ್‌ಹಬಿನವರು. ಘಟ್ಟ ಹತ್ತಿದರೆ ಬಹುಪಾಲು ಹನಫಿಗಳು. ಮಂಗಳೂರಿನ ಹುಡುಗಿ ಹುಬ್ಬಳ್ಳಿಗೆ ಮದುವೆಯಾಗಿ ಹೋದರೆ ಅಸರ್ ನಮಾಜಿನ ಹೊತ್ತೇ ಬೇರೆ. ಇಲ್ಲಿ ಸಿಗಡಿಗೆ ತಕರಾರಿಲ್ಲ, ಅಲ್ಲಿ ಅದರ ಬಗ್ಗೆ ಉಲಮಾಗಳಲ್ಲೇ ಎರಡು ಮಾತು. ಒಂದೇ ರಾಜ್ಯದೊಳಗೆ ಇಷ್ಟು ವ್ಯತ್ಯಾಸವಿರುವಾಗ ‘ಇಸ್ಲಾಂ ಹೀಗೆ ಹೇಳುತ್ತದೆ’ ಎಂದು ಪ್ರಬಂಧ ಶುರುಮಾಡಬೇಡ. ಯಾವ ಊರಿನಲ್ಲಿ, ಯಾವ ಕಾಲದಲ್ಲಿ, ಯಾರು ಯಾರಿಗೆ ಹೇಳಿದರು ಎಂದು ಬರೆ.

ನಮ್ಮ ಕೋರ್ಟುಗಳ ತೀರ್ಪುಗಳನ್ನು ಪೂರ್ತಿ ಓದು, ಪತ್ರಿಕೆಯ ತಲೆಬರಹದಲ್ಲಿ ನಿಲ್ಲಬೇಡ. ವಿಚ್ಛೇದಿತೆಯ ಜೀವನಾಂಶದ ಕುರಿತ 1985ರ ಶಾಬಾನು, 2001ರ ಡೇನಿಯಲ್ ಲತೀಫಿ, ಮತ್ತು 2017ರ ಶಾಯರಾ ಬಾನು. ತ್ರಿವಳಿ ತಲಾಖಿನ ಆ ಕೊನೆಯ ಪ್ರಕರಣದಲ್ಲಿ ಐವರು ನ್ಯಾಯಾಧೀಶರು 3–2ರಲ್ಲಿ ಬೇರೆಯಾದರು, ಅಲ್ಪಮತದ ಇಬ್ಬರಲ್ಲಿ ಒಬ್ಬರು ನಮ್ಮ ಮೂಡುಬಿದಿರೆ ಬಳಿಯ ಬೆಳುವಾಯಿಯ ಅಬ್ದುಲ್ ನಝೀರ್. 2022ರ ಮಾರ್ಚಿನ ಹಿಜಾಬ್ ತೀರ್ಪಿನಲ್ಲಿ ನಮ್ಮ ಹೈಕೋರ್ಟು ಅಬ್ದುಲ್ಲಾ ಯೂಸುಫ್ ಅಲಿಯವರ ಇಂಗ್ಲಿಷ್ ಕುರ್‌ಆನ್ ಅನುವಾದವನ್ನೂ ಅದರ ಅಡಿಟಿಪ್ಪಣಿಗಳನ್ನೂ ಬಹಳವಾಗಿ ಆಧರಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು ಒಬ್ಬೊಬ್ಬರು ಒಂದೊಂದು ಹೇಳಿದರು. ತೀರ್ಪು ಸರಿಯೋ ತಪ್ಪೋ ಎಂಬುದನ್ನು ನೀನು ಓದಿ ನಿರ್ಧರಿಸು. ಧರ್ಮದಲ್ಲಿ ಯಾವುದು ಅತ್ಯಗತ್ಯ ಆಚರಣೆ ಎಂದು ಕೇಳುವ, ಹೈಕೋರ್ಟು ಬಳಸಿದ ಅಳತೆಗೋಲು ಬಂದದ್ದು 1954ರ ಶಿರೂರು ಮಠದ ಮೊಕದ್ದಮೆಯಿಂದ. ಉಡುಪಿಯ ಮಠವೊಂದರ ತಕರಾರಿನಲ್ಲಿ ಹುಟ್ಟಿದ ಅಳತೆಗೋಲು ಉಡುಪಿಯ ಕಾಲೇಜೊಂದರ ಹುಡುಗಿಯರ ತಲೆವಸ್ತ್ರವನ್ನು ಅಳೆಯಲು ವಾಪಸು ಬಂತು. ಇದನ್ನು ನೀನು ಫಿಕ್‌ಹಿನ ಪುಸ್ತಕದಲ್ಲಿ ಕಾಣಲಾರೆ. ಕಾನೂನು ಓದು ಎಂದದ್ದು ಇದಕ್ಕೇ.

ಲೆಕ್ಕ ಗೊತ್ತಿಲ್ಲದ ಧಾರ್ಮಿಕ ಓದಿನಿಂದ ಏನಾಗುತ್ತದೆ ಎಂಬುದನ್ನು ಬೆಂಗಳೂರು 2019ರಲ್ಲಿ ಕಂಡಿತು. ಬಡ್ಡಿಯಿಲ್ಲದ ‘ಹಲಾಲ್ ಹೂಡಿಕೆ’ ಎಂದು ನಂಬಿ ಒಂದು ಕಂಪನಿಗೆ ಮಗಳ ಮದುವೆಯ ದುಡ್ಡು, ಪಿಂಚಣಿ ದುಡ್ಡು ಹಾಕಿದ ಸಾವಿರಾರು ಮಂದಿ ಜೂನ್ ತಿಂಗಳಲ್ಲಿ ಶಿವಾಜಿನಗರದ ಬೀದಿಯಲ್ಲಿ ನಿಂತರು. ಪಾಲು ವ್ಯಾಪಾರದ ಒಂದು ಬಗೆ ಮುದಾರಬಾ: ಒಬ್ಬನ ಹಣ, ಇನ್ನೊಬ್ಬನ ದುಡಿಮೆ. ಲಾಭವಾದರೆ ಹಂಚಿಕೆ, ನಷ್ಟವಾದರೆ ಹಣ ಹಾಕಿದವನಿಗೆ. ಇದು ಮದ್ರಸದ ಹುಡುಗನಿಗೂ ಗೊತ್ತು. ಹಾಗಿದ್ದರೆ ನಷ್ಟದ ತಿಂಗಳು ಒಂದೂ ಬಾರದ ಈ ವ್ಯಾಪಾರ ಎಂಥದ್ದು ಎಂದು ಕೇಳಬೇಕಿತ್ತಲ್ಲ? ಕಿತಾಬು ಬಲ್ಲವರಿಗೆ ಬ್ಯಾಲೆನ್ಸ್ ಶೀಟ್ ಬರುತ್ತಿರಲಿಲ್ಲ, ಬ್ಯಾಲೆನ್ಸ್ ಶೀಟ್ ಬಲ್ಲವರು ಧರ್ಮದ ಮಾತಿಗೆ ಎದುರಾಡಲು ಹಿಂಜರಿದರು.

ವೈದ್ಯಕೀಯದಲ್ಲೂ ಹೀಗೆಯೇ. ಮಿದುಳು ಸತ್ತವನನ್ನು ಸತ್ತವನೆಂದೇ ತಿಳಿಯಬಹುದು ಎಂದು ಜಿದ್ದಾದ ಫಿಕ್‌ಹ್ ಅಕಾಡೆಮಿ 1986ರಲ್ಲಿ ಅಮ್ಮಾನಿನಲ್ಲಿ ಸೇರಿ ಹೇಳಿತು. ಮರುವರ್ಷ ಮಕ್ಕಾದ ಇನ್ನೊಂದು ಅಕಾಡೆಮಿ ಯಂತ್ರ ತೆಗೆಯಬಹುದು, ಆದರೆ ಹೃದಯ ನಿಲ್ಲುವವರೆಗೆ ಮರಣವೆನ್ನಲಾಗದು ಎಂದಿತು. ಅಂಗದಾನದ ಫಾರಂ ಹಿಡಿದು ಐಸಿಯು ಬಾಗಿಲಲ್ಲಿ ನಿಂತ ಕುಟುಂಬಕ್ಕೆ ಈ ಎರಡರ ನಡುವಿನ ಅಂತರ ಬರೀ ಚರ್ಚೆಯಲ್ಲ.

ಇನ್ನು ಎಲ್ಲಿ ಓದುವುದು? ಅಲಿಗಢ, ಜಾಮಿಯಾ ಮಿಲ್ಲಿಯಾ, ಹೈದರಾಬಾದಿನ ಮೌಲಾನಾ ಆಝಾದ್ ಉರ್ದು ವಿಶ್ವವಿದ್ಯಾಲಯ, ಮೂರರಲ್ಲೂ ಈ ವಿಭಾಗ ಇದೆ. ಕತಾರ್, ಮಲೇಷ್ಯಾಗಳಲ್ಲೂ ಇದೆ. ದೋಹಾದಲ್ಲಿ ನಿನ್ನ ಮಾವನ ಮನೆಯಿದೆ ಎಂಬ ಕಾರಣಕ್ಕೆ ದೋಹಾ ಆರಿಸಬೇಡ. ಎಲ್ಲಿಗೆ ಹೋದರೂ ಮೊದಲ ವರ್ಷವೇ ಅರಬಿ ವ್ಯಾಕರಣವನ್ನು ಗಟ್ಟಿ ಮಾಡಿಕೋ. ಓದಲು ಬರುತ್ತದೆ, ಅರ್ಥವಾಗುವುದಿಲ್ಲ ಎಂಬ ನಮ್ಮ ಮದ್ರಸದ ಅರಬಿ ಸಾಲದು. ಉರ್ದು ಕಲಿ, ನಮ್ಮ ಉಪಖಂಡದ ಚರ್ಚೆ ಹೆಚ್ಚಾಗಿ ನಡೆದದ್ದು ಅದರಲ್ಲೇ. ಪಾಕಿಸ್ತಾನದ ಚಿಂತಕ ಫಝ್ಲುರ್ ರಹ್ಮಾನರ ‘ಇಸ್ಲಾಂ ಅಂಡ್ ಮಾಡರ್ನಿಟಿ’ಯನ್ನು ಬಿಡಬೇಡ. ವಚನ ಇಳಿದ ಕಾಲಕ್ಕೆ ಹೋಗಿ ಅದರ ಉದ್ದೇಶ ಹಿಡಿ, ಆ ಉದ್ದೇಶವನ್ನು ಹೊತ್ತು ನಿನ್ನ ಕಾಲಕ್ಕೆ ಬಾ ಎಂಬುದು ಅವರ ವಿಧಾನ. ಅವರನ್ನು ಒಪ್ಪಲೇಬೇಕೆಂದಿಲ್ಲ. ಪಾಕಿಸ್ತಾನ ಅವರನ್ನು ಒಪ್ಪದ್ದರಿಂದ ಅವರು 1968ರಲ್ಲಿ ದೇಶ ಬಿಟ್ಟು ಮುಂದೆ ಷಿಕಾಗೋದಲ್ಲಿ ಪಾಠ ಹೇಳಬೇಕಾಯಿತು. ನನಗೆ ಅವರ ವಿಧಾನದಲ್ಲಿ ಒಂದು ಅತೃಪ್ತಿ ಇದೆ: ಉದ್ದೇಶ ಯಾವುದೆಂದು ನಿರ್ಧರಿಸುವವರು ಯಾರು ಎಂಬುದಕ್ಕೆ ಉತ್ತರ ಸಾಲದು. ನೀನು ಓದಿ ನನ್ನ ಜೊತೆ ಜಗಳವಾಡು.

ಕಥೆ ಕಾದಂಬರಿಗಳನ್ನೂ ಓದಿನ ಮೇಜಿನ ಮೇಲಿಟ್ಟುಕೋ. ತಲಾಖ್ ಕೇರಿಯ ಮನೆಯೊಂದರಲ್ಲಿ ಏನು ಮಾಡುತ್ತದೆ ಎಂಬುದನ್ನು ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದಾಗ ಶಾಯರಾ ಬಾನು ತೀರ್ಪಿಗೆ ಇನ್ನೂ ಮೂರು ದಶಕ ಬಾಕಿಯಿತ್ತು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ವಕೀಲರೂ ಹೌದು. ಅವರ ಕಥೆಗಳ ಹೆಂಗಸರನ್ನು ಅರಿಯದೆ ಸ್ತ್ರೀಯರ ಹಕ್ಕುಗಳ ಬಗ್ಗೆ ಸೆಮಿನಾರ್ ಪೇಪರ್ ಬರೆದರೆ ಅದು ಯಾರ ಬಗ್ಗೆ?

ಇನ್ನೊಂದು ಮಾತು, ಸ್ವಲ್ಪ ಕಹಿ. ಡಿಗ್ರಿ ಬಂದ ಮೇಲೆ ಟಿವಿಯವರು ರಾತ್ರಿ ಒಂಬತ್ತಕ್ಕೆ ಕರೆಯುತ್ತಾರೆ, ಮುಸ್ಲಿಮರ ಪರವಾಗಿ ಎರಡು ನಿಮಿಷ ಮಾತಾಡಿ ಎಂದು. ಹೋಗಬೇಡ. ನೀನು ವಿದ್ಯಾರ್ಥಿನಿ, ಯಾರ ವಕ್ತಾರಳೂ ಅಲ್ಲ. ಆ ಕಡೆಯವರಿಗೆ ನೀನು ಮತಾಂಧೆ, ಈ ಕಡೆಯವರಿಗೆ ದೀನ್ ಬಿಟ್ಟವಳು ಎಂಬ ಹೆಸರು ಒಂದೇ ವಾರದಲ್ಲಿ ಬರಬಹುದು. ಎರಡಕ್ಕೂ ಉತ್ತರ ಕೊಡುತ್ತ ಕೂತರೆ ಓದು ನಿಂತುಹೋಗುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನು. ಇಮಾಮ್ ಮಾಲಿಕರ ಬಗ್ಗೆ ಹೇಳುವುದು ಕೇಳಿರುವೆಯಲ್ಲ, ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಅವರು ಕೊಟ್ಟದ್ದು ಅದೇ ಉತ್ತರ.

ಪ್ರಬಂಧದ ವಿಷಯ ಯಾವುದಿರಲಿ ಎಂದು ನೀನು ಕೇಳಿದ್ದೆ. ಗ್ರಾನಡಾ, ಬಗ್ದಾದ್ ಬೇಡ, ಅವನ್ನು ಬರೆಯಲು ಲೋಕದಲ್ಲಿ ಜನರಿದ್ದಾರೆ. ನಮ್ಮ ಜಮಾಅತುಗಳ ನಿಕಾಹ್ ರಿಜಿಸ್ಟರ್ ನೋಡಿರುವೆಯಾ? ಪ್ರತಿ ಮದುವೆಯ ಎದುರು ಮಹರ್ ಎಷ್ಟು ಎಂದು ಬರೆದಿರುತ್ತಾರೆ. ಹುಡುಗ ಕೊಟ್ಟ ಮಹರ್ ಪುಸ್ತಕದಲ್ಲಿರುತ್ತದೆ. ಹುಡುಗಿಯ ಮನೆಯವರು ಕೊಟ್ಟ ವರದಕ್ಷಿಣೆ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಶರೀಅತಿನಲ್ಲಿ ಇರುವುದು ಸಣ್ಣದಾಗಿ, ಇಲ್ಲದ್ದು ದೊಡ್ಡದಾಗಿ ಬೆಳೆದದ್ದು ಹೇಗೆ? ನಾಲ್ಕೈದು ಪಳ್ಳಿಗಳ ಹಳೆಯ ರಿಜಿಸ್ಟರುಗಳನ್ನು ಕೂತು ನೋಡು, ಆ ಮದುವೆಗಳ ಹೆಂಗಸರು ಬದುಕಿದ್ದರೆ ಮನೆಗೆ ಹೋಗಿ ಕೇಳು. ಅವರ ಜೊತೆ ಬ್ಯಾರಿಯಲ್ಲಿ ಮಾತಾಡಲು ಹೊರಗಿನ ಸಂಶೋಧಕರಿಗೆ ಬರುವುದಿಲ್ಲ, ನಿನಗೆ ಬರುತ್ತದೆ. ರಿಜಿಸ್ಟರ್ ಕೊಡಲು ಕಮಿಟಿಯವರು ಹಿಂದೆಮುಂದೆ ನೋಡುತ್ತಾರೆ. ಹೆಸರು ಬರೆಯುವುದಿಲ್ಲ ಎಂದು ಬರೆದುಕೊಡು, ನಾನೂ ಜೊತೆಗೆ ಬರುತ್ತೇನೆ. ಯೂನಿವರ್ಸಿಟಿಗೆ ಇಂಗ್ಲಿಷಿನಲ್ಲೇ ಬರೆದುಕೊಡು. ಆದರೆ ಅದೇ ವರ್ಷ ಅದನ್ನು ಕನ್ನಡದಲ್ಲೂ ಬರೆದು, ಆ ಜಮಾಅತುಗಳಿಗೆ ಒಂದೊಂದು ಪ್ರತಿ ಕೊಡು.